ತೊಂಬತ್ತೆಂಟು ಪಾಯಿಂಟ್ ಆರು

ನಮ್ಮ ಮನೆಗಳಲ್ಲಿ ಬಿಸಿಲಿಗೊಂದು ಲೆಕ್ಕ, ಜ್ವರಕ್ಕೊಂದು ಲೆಕ್ಕ. ಕಲಬುರಗಿಯಲ್ಲಿ ನಲವತ್ತೆರಡು ಡಿಗ್ರಿ ಬಿಸಿಲಂತೆ ಎಂದು ಪತ್ರಿಕೆಯಲ್ಲಿ ಓದಿ ಹೌಹಾರುವವರೇ, ಮಗುವಿನ ಮೈ ನೂರು ಡಿಗ್ರಿ ಇದ್ದರೆ ‘ಅಷ್ಟೇನಿಲ್ಲ, ಗಂಜಿ ಕುಡಿಸಿ ಮಲಗಿಸಿ’ ಎನ್ನುತ್ತಾರೆ. ಈ ಎರಡು ಲೆಕ್ಕಗಳ ನಡುವೆ ಹುಟ್ಟಿದ ಒಂದು ಸಂಖ್ಯೆಯ ಕಥೆಯನ್ನು ಹೇಳಬೇಕೆಂದು ನನಗೆ ಬಹುದಿನದ ಆಸೆ. 98.6 ಎಂಬುದೇ ಆ ಸಂಖ್ಯೆ.

ಮೊದಲ ಲೆಕ್ಕದ ಕರ್ತ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್, 1686ರಲ್ಲಿ ಡ್ಯಾನ್‌ಜಿಗ್ ಪಟ್ಟಣದಲ್ಲಿ ಹುಟ್ಟಿದವನು. 1701ರಲ್ಲಿ ತಂದೆತಾಯಿಗಳಿಬ್ಬರೂ ಒಂದೇ ದಿನ ತೀರಿಕೊಂಡರು. ಹುಡುಗನನ್ನು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಆದರೆ ಅವನ ಮನಸ್ಸು ನೆಟ್ಟದ್ದು ಗಾಜಿನ ಕೊಳವೆಗಳಲ್ಲಿ, ಪಾದರಸದಲ್ಲಿ. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆತ ತನ್ನ ಕ್ರಮವನ್ನು ವಿವರಿಸಿದ. ಮಂಜುಗಡ್ಡೆ, ನೀರು, ನವಸಾಗರ (ನಮ್ಮ ಕಲಾಯಿಯವರು ಬಳಸುವುದೂ ಇದನ್ನೇ) ಬೆರೆಸಿದರೆ ಬರುವ ಕೊರೆತ ಸೊನ್ನೆ. ಬರಿಯ ಮಂಜುನೀರು 32. ಆರೋಗ್ಯವಂತನ ಬಾಯಿಯ ಅಥವಾ ಕಂಕುಳಿನ ಬಿಸಿ 96. ಈ ವಿಚಿತ್ರ ಅಂಕಿಗಳೇಕೆ? 32ಕ್ಕೂ 96ಕ್ಕೂ ನಡುವೆ 64 ಮನೆ. ಅರ್ಧಕ್ಕೆ ಅರ್ಧ ಮಾಡುತ್ತ ಹೋದರೆ ಆರನೆಯ ಸಲಕ್ಕೆ ಒಂದೊಂದು ಡಿಗ್ರಿ ಸಿಗುತ್ತದೆ. ಗಾಜಿನ ಮೇಲೆ ಗೆರೆ ಕೊರೆಯುವ ಕೈಗೆ ಅದೆಷ್ಟು ಅನುಕೂಲ! ಎಂದರೆ ಆತನ ಪಾಲಿಗೆ ಮೈಬಿಸಿ 98.6 ಅಲ್ಲವೇ ಅಲ್ಲ. ನೀರು ಕುದಿಯುವ ಬಿಂದುವನ್ನು 212 ಎಂದು ಮುಂದಿನವರು ಗಟ್ಟಿಮಾಡಿಕೊಂಡು ಗೆರೆಗಳನ್ನು ಸರಿಪಡಿಸಿದಾಗ ಮೈಬಿಸಿ 98ರ ಸುತ್ತಮುತ್ತ ಬಂದು ನಿಂತಿತು.

ಎರಡನೆಯ ಲೆಕ್ಕ ಸ್ವೀಡನ್ನಿನ ಉಪ್ಸಾಲದ ಖಗೋಲಜ್ಞ ಆಂಡರ್ಸ್ ಸೆಲ್ಸಿಯಸ್‌ನದು, 1742ರದು. ಮೋಜೆಂದರೆ ಆತ ಕುದಿಯುವ ನೀರಿಗೆ ಸೊನ್ನೆಯನ್ನೂ ಮಂಜಿಗೆ ನೂರನ್ನೂ ಕೊಟ್ಟಿದ್ದ! 1744ರಲ್ಲಿ ಆತ ತೀರಿಕೊಂಡ ಮೇಲೆ ಅದು ತಲೆಕೆಳಗಾಗಿ ಈಗಿನ ರೂಪಕ್ಕೆ ಬಂತು.

ಇನ್ನು ನಮ್ಮ ಸಂಖ್ಯೆಗೆ ಬರೋಣ. ಲೀಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಕ್ ಸಾವಿರಾರು ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, 1868ರಲ್ಲಿ ಒಂದು ಮಹಾಗ್ರಂಥ ಪ್ರಕಟಿಸಿದ. ಆರೋಗ್ಯವಂತರ ಸರಾಸರಿ ಮೈಬಿಸಿ 37 ಸೆಲ್ಸಿಯಸ್ ಎಂದ; ಬೆಳಗ್ಗೆ ಕಡಮೆ, ಸಂಜೆ ಹೆಚ್ಚು, ಮನುಷ್ಯನಿಂದ ಮನುಷ್ಯನಿಗೆ ವ್ಯತ್ಯಾಸವುಂಟು ಎಂದೂ ಸೇರಿಸಿದ. ಈ 37ನ್ನು ಫ್ಯಾರನ್‌ಹೀಟಿಗೆ ತಿರುಗಿಸಬೇಕಲ್ಲ? ಎರಡರಿಂದ ಗುಣಿಸಿದರೆ 74. ಅದರ ಹತ್ತನೆಯ ಒಂದು ಪಾಲು, ಅಂದರೆ 7.4, ಕಳೆದರೆ 66.6, 32 ಕೂಡಿಸಿದರೆ 98.6. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೊನೆಯ ‘ಪಾಯಿಂಟ್ ಆರು’ ಬಂದದ್ದು ರೋಗಿಯ ಕಂಕುಳಿನಿಂದಲ್ಲ, ಗುಣಾಕಾರದಿಂದ. 37 ಎಂದಾಗ ‘ಸುಮಾರು’ ಎಂಬ ಧ್ವನಿ ಇರುತ್ತದೆ, 98.6 ಎಂದೊಡನೆ ಅಕ್ಕಸಾಲಿಗನ ತಕ್ಕಡಿಯ ಗತ್ತು ಬಂದುಬಿಡುತ್ತದೆ. ಪಾದರಸದ ಥರ್ಮಾಮೀಟರುಗಳಲ್ಲಿ ಅಲ್ಲೊಂದು ಬಾಣದ ಗುರುತೂ ಬಿತ್ತು. ಬಾಣ ದಾಟಿತೋ, ಜ್ವರ!

ಇದರಿಂದ ಕಷ್ಟ ಇಲ್ಲದಿಲ್ಲ. ಸಂಜೆ ಆಡಿ ಬಂದ ಮಗುವಿಗೆ 99 ತೋರಿಸಿದರೆ ತಾಯಿ ಗಾಬರಿಯಾಗುತ್ತಾಳೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಮುದುಕರ ಮೈ ಸಾಮಾನ್ಯವಾಗಿ ತುಸು ತಣ್ಣಗೇ ಇರುತ್ತದೆ. ದಿನವೂ 97 ಇರುವ ಅಜ್ಜನಿಗೆ 99 ಬಂದರೆ ಎರಡು ಡಿಗ್ರಿ ಏರಿದಂತಾಯಿತು. ನಾವೋ ‘ಪಾಯಿಂಟ್ ನಾಲ್ಕು ತಾನೇ ಹೆಚ್ಚು’ ಎಂದು ಸುಮ್ಮನಾಗುತ್ತೇವೆ.

1992ರಲ್ಲಿ ಅಮೆರಿಕದ ಮ್ಯಾಕೋವಿಯಾಕ್ ಮತ್ತು ಸಂಗಡಿಗರು 148 ಮಂದಿ ಆರೋಗ್ಯವಂತರನ್ನು ಅಳೆದು ನೋಡಿದರು. ಸರಾಸರಿ ಸಿಕ್ಕಿದ್ದು 98.2. ಕರಾರುವಾಕ್ಕಾಗಿ 98.6 ತೋರಿದ ಅಳತೆಗಳು ನೂರಕ್ಕೆ ಎಂಟು ಮಾತ್ರ. ಆರೋಗ್ಯದ ಮೇಲಿನ ಎಲ್ಲೆಯನ್ನು ಅವರು ನಸುಕಿಗೆ 98.9 ಎಂದೂ, ಇಡೀ ದಿನಕ್ಕೆ 99.9 ಎಂದೂ ಸೂಚಿಸಿದರು.