ಕದಂಬದ ಹೂವಿನಂಥ ಕಲ್ಲು: ಆಕ್ಸಲೇಟ್ ತಿಳಿವಿನ ಚರಿತ್ರೆ

ದೆಹಲಿಯ ಲೋಧಿ ಕಾಲೋನಿ 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಎದ್ದ ಬಡಾವಣೆ. ಪಕ್ಕದ ಲೋಧಿ ಎಸ್ಟೇಟ್‌ನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಈ ಸೀಮೆಗೆ ವರ್ಗವಾಗಿ ಬಂದ ಕನ್ನಡದ ಮನೆಗಳಲ್ಲಿ ಬಸ್ಸಾರಿನ ಜೊತೆ ಪಾಲಕ್ ಪನೀರಿಗೂ ಜಾಗವಾಯಿತು. ಇಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರು ಹೆಚ್ಚಿ ಮೂತ್ರ ಸಾಂದ್ರವಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ಅದೇ ಹದ. ಕಲ್ಲು ಕಂಡವರಿಗೆಲ್ಲ ಸಿಗುವ ಸಲಹೆ, ‘ಸೊಪ್ಪಿನಲ್ಲಿ ಆಕ್ಸಲೇಟ್ ಇದೆ, ಸೊಪ್ಪು ಬಿಡಿ.’ ಅದು ಅರ್ಧ ಸತ್ಯ ಮಾತ್ರ ಎಂಬುದು ಈ ಲೇಖನದ ವಾದ.

ರೂಪದಿಂದ ರಸಾಯನಕ್ಕೆ

ಸುಶ್ರುತ ಸಂಹಿತೆಯ ನಿದಾನಸ್ಥಾನದ 3ನೆಯ ಅಧ್ಯಾಯ ಅಶ್ಮರಿಯನ್ನು, ಎಂದರೆ ಮೂತ್ರದ ಕಲ್ಲನ್ನು, ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ವಾತಾಶ್ಮರಿ ಕಪ್ಪುಛಾಯೆಯದು, ಒರಟು, ಕದಂಬದ ಹೂವಿನಂತೆ ಮೈಯೆಲ್ಲ ಮುಳ್ಳು. ಯೂರೋಪಿನ ವೈದ್ಯರು ಇಂಥದೇ ಉಬ್ಬುತಗ್ಗಿನ ಕಲ್ಲನ್ನು ಹಿಪ್ಪುನೇರಳೆ ಹಣ್ಣಿಗೆ ಹೋಲಿಸಿದರು. ಅದು ಆಕ್ಸಲಿಕ್ ಆಮ್ಲವೂ ಸುಣ್ಣವೂ ಕೂಡಿದ ವಸ್ತು, ಎಂದರೆ ಕ್ಯಾಲ್ಸಿಯಂ ಆಕ್ಸಲೇಟ್, ಎಂದು 1797ರಲ್ಲಿ ತೋರಿಸಿದವನು ಇಂಗ್ಲೆಂಡಿನ ವೊಲಾಸ್ಟನ್. ಎರಡೂ ವರ್ಣನೆ ಒಂದೇ ಕಲ್ಲಿನದಿರಬಹುದು. ಹಾಗೆಂದು ಸುಶ್ರುತನಿಗೆ ಇದರ ರಸಾಯನ ಗೊತ್ತಿತ್ತೆನ್ನುವಂತಿಲ್ಲ. ಅಲ್ಲಿರುವುದು ಕಲ್ಲನ್ನು ಹೊರತೆಗೆದು ಕಂಡ ಕಣ್ಣಿನ ಸಾಕ್ಷಿ.

ಆಮ್ಲಕ್ಕೆ ಹೆಸರು ಬಂದದ್ದು ಆಕ್ಸಾಲಿಸ್ ಕುಲದ ಗಿಡಗಳಿಂದ. ನಮ್ಮ ಹಿತ್ತಿಲ ಪುಳ್ಳಂಪುರಚಿ ಅದೇ ಕುಲದ್ದು. 1776ರಲ್ಲಿ ಸ್ವೀಡನ್ನಿನ ಶೀಲೆ ಸಕ್ಕರೆಗೆ ನೈಟ್ರಿಕ್ ಆಮ್ಲ ಸೇರಿಸಿ ಇದನ್ನು ತಯಾರಿಸಿದ. 1824ರಲ್ಲಿ ರಸಾಯನಜ್ಞ ವೋಲರ್ ಗಿಡದ ನೆರವಿಲ್ಲದೆಯೇ ಪಡೆದ. ಗಿಡಕ್ಕಂತೂ ಇದು ಹೆಚ್ಚಾದ ಸುಣ್ಣವನ್ನು ಕಟ್ಟಿಡುವ ಉಗ್ರಾಣ, ಮೇಯುವ ಪ್ರಾಣಿಗೆ ಒಡ್ಡುವ ಆಯುಧ. ಕೆಸು, ಸುವರ್ಣಗಡ್ಡೆ ತಿಂದಾಗ ಗಂಟಲು ಕೆರೆಯುವುದಕ್ಕೆ ಅವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಮುಖ್ಯ ಕಾರಣ.

ಉತ್ತರದ ಕಲ್ಲು

ಕೂನೂರಿನಲ್ಲಿ ಆಹಾರ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ 1931ರಲ್ಲಿ ಭಾರತದ ಕಲ್ಲಿನ ಕಾರಣ ಕುರಿತು ಬರೆದರು. ದಕ್ಷಿಣಕ್ಕಿಂತ ವಾಯವ್ಯ ಭಾರತದಲ್ಲಿ, ಅದರಲ್ಲೂ ಬಡ ಮಕ್ಕಳ ಮೂತ್ರಕೋಶದಲ್ಲಿ, ಕಲ್ಲು ಹೆಚ್ಚಾಗಿತ್ತು. ಧಾನ್ಯವೇ ಮುಖ್ಯವಾದ ಕೊರತೆಯ ಆಹಾರ ಕೊಟ್ಟಾಗ ಇಲಿಗಳಲ್ಲಿ ಕಲ್ಲು ಮೂಡಿತು. ಹಾಲು ಸೇರಿಸಿದಾಗ ಅದು ತಪ್ಪಿತು. ಇಂದಿನ ವಯಸ್ಕರ ಮೂತ್ರಪಿಂಡದ ಕಲ್ಲು ಬೇರೆಯದೇ ರೋಗ, ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನದು. ಆದರೂ ಹಾಲಿನ ಪಾಠ ಹೊಸ ರೂಪದಲ್ಲಿ ಮರಳಿ ಬಂತು.

ತಿರುವು

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹಾಲು ಬಿಡಿ: ಬಹುಕಾಲ ಇದೇ ವೈದ್ಯನೀತಿ. ಅಮೆರಿಕದಲ್ಲಿ 45,619 ಗಂಡಸರನ್ನು ಗಮನಿಸಿದ ಕರ್ಹನ್ ತಂಡ 1993ರಲ್ಲಿ ಇದನ್ನು ತಲೆಕೆಳಗು ಮಾಡಿತು. ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲೇ ಕಲ್ಲು ಕಡಿಮೆ. 2002ರಲ್ಲಿ ಇಟಲಿಯ ಬೋರ್ಗಿ ತಂಡ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತಿದ್ದ 120 ಗಂಡಸರನ್ನು 5 ವರ್ಷ ಗಮನಿಸಿತು. ಕ್ಯಾಲ್ಸಿಯಂ ತಗ್ಗಿಸಿದ 60 ಮಂದಿಯಲ್ಲಿ 23 ಜನರಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಉಳಿಸಿಕೊಂಡು ಉಪ್ಪು, ಮಾಂಸ ತಗ್ಗಿಸಿದ 60 ಮಂದಿಯಲ್ಲಿ 12 ಜನರಿಗೆ. ಕಾರಣ ಕರುಳಿನಲ್ಲಿದೆ: ಕ್ಯಾಲ್ಸಿಯಂ ಅಲ್ಲೇ ಆಕ್ಸಲೇಟನ್ನು ಹಿಡಿದರೆ ಎರಡೂ ಮಲದಲ್ಲಿ ಹೋಗುತ್ತವೆ. ಇನ್ನು, ಮೂತ್ರದ ಆಕ್ಸಲೇಟ್ ಎಲ್ಲವೂ ಊಟದ್ದಲ್ಲ. ಯಕೃತ್ತು ತಾನೇ ಸಾಕಷ್ಟು ತಯಾರಿಸುತ್ತದೆ.

ಅಡುಗೆಮನೆಯ ತೀರ್ಪು

ಈ ಬೆಳಕಿನಲ್ಲಿ ನಮ್ಮ ಅಡುಗೆ ನೋಡೋಣ. ಸೊಪ್ಪು ಬೇಯಿಸಿದಾಗ ಕರಗುವ ಆಕ್ಸಲೇಟ್ ನೀರಿಗಿಳಿಯುತ್ತದೆ. ಬಸ್ಸಾರಿನಲ್ಲಿ ಪಲ್ಯ ಹಗುರಾಗುತ್ತದೆ, ಆದರೆ ಬಸಿದ ಕಟ್ಟೇ ಸಾರಾಗುವುದರಿಂದ ಇಳಿದದ್ದು ಮತ್ತೆ ಊಟಕ್ಕೇ ಬರುತ್ತದೆ. ಕೆಸುವಿನ ಪತ್ರೊಡೆಯ ಹುಣಸೆ ಕೆರೆತ ತಗ್ಗಿಸುತ್ತದೆ, ಆಕ್ಸಲೇಟನ್ನು ಇಲ್ಲವಾಗಿಸುವುದಿಲ್ಲ. ಮೊಸರು ಬೆರೆತ ತಂಬುಳಿ ಹಾಗಲ್ಲ: ಸೊಪ್ಪಿಗೆ ಕ್ಯಾಲ್ಸಿಯಂ ಜೊತೆಗಾರನಾಗಿ ಸಿಗುತ್ತದೆ. ಪಾಲಕ್‌ಗೆ ಪನೀರ್ ಕೂಡ ಹಾಗೆಯೇ, ಆದರೆ ಪಾಲಕ್‌ನ ಹೊರೆ ದೊಡ್ಡದು. ಕಲ್ಲು ಮರುಕಳಿಸುವವರಿಗೆ ಮೆಂತ್ಯವೇ ವಾಸಿ. ಬಿಂಬುಳಿ, ಧಾರೆಹುಳಿಯ ರಸವನ್ನು ಔಷಧಿಯೆಂದು ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವರದಿಗಳು ವೈದ್ಯ ಪತ್ರಿಕೆಗಳಲ್ಲಿವೆ. ಆಯುರ್ವೇದ ಕಲ್ಲಿಗೆ ಹೇಳಿದ ಹುರುಳಿ ಪ್ರಯೋಗಾಲಯದಲ್ಲಿ ಹರಳು ಬೆಳೆಯುವುದನ್ನು ತಡೆದದ್ದುಂಟು. ಆದರೆ ಕಟ್ಟಿಕೊಂಡ ಆಕ್ಸಲೇಟ್ ಕಲ್ಲನ್ನು ಅದು ಕರಗಿಸುತ್ತದೆ ಎನ್ನಲು ಆಧಾರ ಸಾಲದು.

ಒಟ್ಟಿನಲ್ಲಿ, ಸೊಪ್ಪನ್ನಷ್ಟೇ ಅಪರಾಧಿ ಮಾಡುವುದು ತಪ್ಪು. ಅದು ಯಾವುದರ ಜೊತೆ ಬೆಂದಿತು, ಅದನ್ನು ಯಾವುದರ ಜೊತೆ ಬಡಿಸಲಾಯಿತು, ಉಂಡವರು ಎಷ್ಟು ನೀರು ಕುಡಿದರು ಎಂಬುದನ್ನೂ ಕೇಳಬೇಕು. ಕಲ್ಲು ಬಂದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂಬುದೇ ಇಂದಿಗೂ ಮೊದಲ ಚಿಕಿತ್ಸೆ.