ಲೇಸರ್ ಪುಂಜ ಮತ್ತು ಎರಡು ಆಯಾಮದ ಗಣನೆ: ಫಾಕ್ಸ್–ಲಿ ಪಟ್ಟಿಕನ್ನಡಿಯ ಮರುಪರಿಶೀಲನೆ

ಬೆಲ್ ಪ್ರಯೋಗಾಲಯದ ಎ. ಜಿ. ಫಾಕ್ಸ್ ಮತ್ತು ಟಿಂಗ್ಯೆ ಲಿ 1961ರಲ್ಲಿ ಲೇಸರ್ ಅನುರಣಕದೊಳಗಿನ ಬೆಳಕನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದರು. ದುಂಡು ಕನ್ನಡಿಗಳ ಜೊತೆಗೆ, ಒಂದು ದಿಕ್ಕಿನಲ್ಲಿ ಕೊನೆಯಿಲ್ಲದೆ ಚಾಚಿದ ಪಟ್ಟಿಕನ್ನಡಿಗಳನ್ನೂ ಅವರು ತೆಗೆದುಕೊಂಡರು. ಈ ಎರಡನೆಯದು ಅಂದಿನ ಯಂತ್ರಗಳ ಮಿತಿಯಿಂದಾದ ಸರಳೀಕರಣವಷ್ಟೇ ಎಂದು ಬದಿಗಿಡಬಹುದೆನಿಸುತ್ತದೆ. ಈ ಓದು ನಿಲ್ಲುವುದಿಲ್ಲ. ಆಯತಾಕಾರದ ಕನ್ನಡಿಯ ಸಮಸ್ಯೆ ಎರಡು ಪಟ್ಟಿಕನ್ನಡಿ ಸಮಸ್ಯೆಗಳಾಗಿ ಒಡೆಯುತ್ತದೆಂದು ಆ ಲೇಖನವೇ ತೋರಿಸುತ್ತದೆ. ಪಟ್ಟಿಯ ಉತ್ತರ ದುಂಡು ಪುಂಜದ ಒರಟು ಅಂದಾಜಲ್ಲ. ತನ್ನದೇ ಸಮಸ್ಯೆಗೆ ಸಲ್ಲುವ ಉತ್ತರ.

ಅದೇ ಸಂಚಿಕೆಯಲ್ಲಿ ಬಾಯ್ಡ್ ಮತ್ತು ಗಾರ್ಡನ್ ಸಮನಾಭಿ ಅನುರಣಕವನ್ನು ವಿವರಿಸಿದರು. ಅವರ ಸೂತ್ರದಲ್ಲಿ ಎರಡು ಅಡ್ಡದಿಕ್ಕುಗಳು ಪ್ರಾವಸ್ಥೆಗೆ ತಮ್ಮ ತಮ್ಮ ಪಾಲನ್ನು ಪ್ರತ್ಯೇಕವಾಗಿ ಸೇರಿಸುತ್ತವೆ. ಒಂದು ದಿಕ್ಕನ್ನು ತೆಗೆದರೆ, ನಾಭಿಯ ಬಳಿ ಪುಂಜಕ್ಕೆ ಸೇರುವ ಹೆಚ್ಚುವರಿ ಪ್ರಾವಸ್ಥೆ, ಅಂದರೆ ಗೂಯ್ ಪ್ರಾವಸ್ಥೆ, ಅರ್ಧಕ್ಕಿಳಿಯುತ್ತದೆ: ನಾಭಿಯನ್ನು ಹಾದುಹೋಗುವಾಗ ದುಂಡು ಪುಂಜಕ್ಕೆ ಒಟ್ಟು 180 ಡಿಗ್ರಿ, ಹಾಳೆಯಂಥ ಎರಡು ಆಯಾಮದ ಪುಂಜಕ್ಕೆ 90. ಅಲೆಯ ಪಾರವೂ (ಆಂಪ್ಲಿಟ್ಯೂಡ್) ಬದಲಾಗುತ್ತದೆ. ದುಂಡು ಪುಂಜದಲ್ಲಿ ಅದು ಅಗಲಕ್ಕೆ ವಿಲೋಮವಾಗಿ ಕುಗ್ಗಿದರೆ, ಎರಡು ಆಯಾಮದಲ್ಲಿ ಅಗಲದ ವರ್ಗಮೂಲಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಹಾಗಿಲ್ಲದಿದ್ದರೆ ಶಕ್ತಿ ಉಳಿಯುವುದಿಲ್ಲ.

ಈ ವ್ಯತ್ಯಾಸ ಜಾಲರಿಯ ಮೇಲಿನ ಗಣನೆಗಳಿಗೂ ಅನ್ವಯಿಸುತ್ತದೆ. ಸಂಶೋಧಕ ಯೀ 1966ರಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಜಾಲರಿಯ ಮೇಲೆ ಬಿಡಿಸಿದಾಗ ಕೊಟ್ಟ ಉದಾಹರಣೆಯೂ ಎರಡು ಆಯಾಮದ್ದೇ. ಆ ಬಗೆಯ ಗಣನೆಗೆ ಪಠ್ಯಪುಸ್ತಕದ ಮೂರು ಆಯಾಮದ ಗಾಸಿಯನ್ ಪುಂಜದ ಸೂತ್ರವನ್ನು ಹಾಗೆಯೇ ಎತ್ತಿ ಹಾಕುವುದು ಪಟ್ಟಿಯನ್ನು ದುಂಡು ಪುಂಜದ ಹೋಳೆಂದು ಭಾವಿಸಿದ್ದರ ಫಲ.

ಹೀಗೆ ಎತ್ತಿ ಹಾಕುವುದಕ್ಕೊಂದು ಸಮರ್ಥನೆಯಿದೆ. ಪುಂಜವನ್ನು ಗಣನೆಯೊಳಗೆ ಬಿಡುವ ಆಕರರೇಖೆಯ ಮೇಲೆ ಪಾರದ ಗುಣಕ, ಗೂಯ್ ಪ್ರಾವಸ್ಥೆ ಎರಡೂ ಸ್ಥಿರಾಂಕಗಳು. ಅಗಲ, ವಕ್ರತೆಗಳು ಎರಡೂ ಸೂತ್ರಗಳಲ್ಲಿ ಒಂದೇ. ಆದ್ದರಿಂದ ಪುಂಜದ ಆಕಾರ ಕೆಡುವುದಿಲ್ಲ ಎಂಬುದು ಆ ಸಮರ್ಥನೆ. ಒಂದೇ ಆವೃತ್ತಿಯ ಬೆಳಕಿಗೆ, ಅಕ್ಷಕ್ಕೆ ಸಮೀಪದ ಪ್ರಸರಣದ ಮಟ್ಟಿಗೆ, ಈ ಮಾತು ನಿಜ. ಆದರೆ ತೀವ್ರತೆಯ ವಿಷಯದಲ್ಲಿ ಅದು ಏನನ್ನೂ ಉಳಿಸುವುದಿಲ್ಲ. ಆಕರವನ್ನು ನಾಭಿಯಿಂದ ಒಂದು ರೇಲೀ ದೂರದಲ್ಲಿಟ್ಟರೆ ಅಲ್ಲಿ ಅಗಲ ನಾಭಿಯಲ್ಲಿನದರ 1.41 ಪಟ್ಟಾಗಿರುತ್ತದೆ. ಮೂರು ಆಯಾಮದ ಸೂತ್ರ ಪಾರವನ್ನು 0.71ಕ್ಕೆ ಇಳಿಸುತ್ತದೆ, ಎರಡು ಆಯಾಮದಲ್ಲಿ ಬೇಕಾದದ್ದು 0.84. ಹೀಗೆ ಹೊರಟ ಬೆಳಕು ನಾಭಿ ತಲುಪಿದಾಗ ಅದರ ತೀವ್ರತೆ ಉದ್ದೇಶಿಸಿದ್ದರ ಶೇ. 71 ಮಾತ್ರ. ಆಕರ ಹತ್ತು ರೇಲೀ ದೂರದಲ್ಲಿದ್ದರೆ ಸುಮಾರು ಹತ್ತನೇ ಒಂದು ಭಾಗವಷ್ಟೇ ಉಳಿಯುತ್ತದೆ. ತೀವ್ರತೆಯನ್ನೇ ನೆಚ್ಚಿದ ಅರೇಖೀಯ ದ್ಯುತಿಶಾಸ್ತ್ರದಲ್ಲಿ, ಲೇಸರ್–ಪ್ಲಾಸ್ಮಾ ಗಣನೆಗಳಲ್ಲಿ, ಇದನ್ನು ಸಣ್ಣ ತಪ್ಪೆನ್ನಲಾಗದು.

ಸೊಂಟದ, ಅಂದರೆ ನಾಭಿಯಲ್ಲಿನ ಪುಂಜದ, ಅಗಲ ಅಲೆಯುದ್ದಕ್ಕೆ ಹತ್ತಿರವಾದರೆ ಸರಿಯಾದ ಎರಡು ಆಯಾಮದ ಗಾಸಿಯನ್ ಸೂತ್ರವೂ ಸೋಲುತ್ತದೆ. ಅಂಥಲ್ಲಿ ಡೆಶಾಂಪ್ 1971ರಲ್ಲಿ ಮಂಡಿಸಿದ, ಆಕರಬಿಂದುವಿಗೆ ಮಿಶ್ರಸಂಖ್ಯೆಯ ಸ್ಥಾನ ಕೊಡುವ ವಿಧಾನ ಹೆಚ್ಚು ಭದ್ರವಾದುದು. ಎರಡು ಆಯಾಮದಲ್ಲಿ ಅದು ಹ್ಯಾಂಕೆಲ್ ಫಲನಕ್ಕೆ ಒಯ್ಯುತ್ತದೆ.

ಬಳಸಿದ ಸೂತ್ರವನ್ನೂ ಆಕರರೇಖೆಗೆ ನಾಭಿಯಿಂದ ಇರುವ ದೂರವನ್ನೂ ನಮೂದಿಸದ ಎರಡು ಆಯಾಮದ ವರದಿಯ ತೀವ್ರತೆಯ ಅಂಕಿಯನ್ನು ಪ್ರಯೋಗದ ಅಂಕಿಯೊಡನೆ ಹೋಲಿಸಲಾಗದು.