ಬೈಬಲ್ಲಿನ ಹೆಸರು: ಆಯ್ಕೆ ಯಾರದು?

ಅಬ್ರಹಾಂ, ಡೇನಿಯಲ್, ಜಾನ್, ಸಾರಾ, ಮೇರಿ - ಇಂಥ ಹೆಸರು ಕಿವಿಗೆ ಬಿದ್ದ ಕೂಡಲೇ ಇವರು ಕ್ರೈಸ್ತರೆಂದು ನಾವು ಊಹಿಸುತ್ತೇವೆ. ಕ್ರೈಸ್ತ ತಂದೆ ತಾಯಿ ತಮ್ಮ ಧರ್ಮಗ್ರಂಥದಿಂದ ಮಕ್ಕಳಿಗೆ ಹೆಸರು ಆರಿಸುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ ಎಂಬುದು ಸಾಮಾನ್ಯ ನಂಬಿಕೆ. ಇತಿಹಾಸ ಹೇಳುವುದು ಬೇರೆಯೇ. ಈ ಪದ್ಧತಿ ಬೇರೂರಲು ಶತಮಾನಗಳು ಹಿಡಿದವು. ಯಾವ ಹೆಸರು ಇಡಬೇಕು, ಯಾವುದನ್ನು ಇಡಬಾರದು ಎಂದು ಕಟ್ಟಳೆಗಳಾದವು. ಒಬ್ಬ ತಂದೆ ಇದಕ್ಕಾಗಿ ಸೆರೆಮನೆಯನ್ನೂ ಕಂಡ.

ಆದಿ ಕ್ರೈಸ್ತರಿಗೆ ಹೆಸರು ದೊಡ್ಡ ಪ್ರಶ್ನೆಯೇ ಆಗಿರಲಿಲ್ಲ. ಹೊಸ ಒಡಂಬಡಿಕೆಯಲ್ಲೇ ಬರುವ ಅಪೊಲ್ಲೋಸ ಎಂಬ ಬೋಧಕನ ಹೆಸರಿನಲ್ಲಿ ಗ್ರೀಕರ ಅಪೊಲೊ ದೇವನಿದ್ದಾನೆ. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಗೌರವದಿಂದ ನೆನೆಯುವ ಫೊಯಿಬೆ ಎಂಬಾಕೆಯದು ಗ್ರೀಕ್ ದೇವತೆಯೊಬ್ಬಳ ಹೆಸರು. ಅದನ್ನು ಬದಲಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ. ಮುಂದೆ ಮಧ್ಯಯುಗದ ಯುರೋಪಿನಲ್ಲಿ ಸಂತರ ಆರಾಧನೆ ಬೆಳೆದಂತೆ ಸಂತರ ಹೆಸರುಗಳು ಬಳಕೆಗೆ ಬಂದವು. ಇವುಗಳಲ್ಲಿ ಕೆಲವು ಬೈಬಲ್ಲಿನವು, ಹಲವು ಅಲ್ಲ. ದೀಕ್ಷಾಸ್ನಾನದ ವೇಳೆ ಮಗುವನ್ನು ಎತ್ತಿಕೊಳ್ಳುವ ಧರ್ಮಪಿತನು ತನ್ನ ಹೆಸರನ್ನೇ ಮಗುವಿಗೆ ಕೊಡುವುದೂ ವಾಡಿಕೆಯಾಗಿತ್ತು. ಹೀಗೆ ಹೆಸರು ಧರ್ಮದ ಗುರುತಾಗಿದ್ದಂತೆಯೇ ನೆಂಟಸ್ತಿಕೆಯ ಗುರುತೂ ಆಗಿತ್ತು.

ಜಿನೀವಾದ ಜಗಳ

ಹದಿನಾರನೆಯ ಶತಮಾನದ ಧರ್ಮಸುಧಾರಣೆ ಈ ವ್ಯವಸ್ಥೆಯನ್ನು ಅಲುಗಾಡಿಸಿತು. ಸಂತರಿಗೆ ಹರಕೆ ಹೊರುವುದು, ಅವರ ಮೊರೆ ಹೋಗುವುದು ವಿಗ್ರಹಾರಾಧನೆಗೆ ಸಮ ಎಂದು ಸುಧಾರಕರು ವಾದಿಸಿದರು. ಹಾಗಾದರೆ ಸಂತರ ಹೆಸರನ್ನು ಮಕ್ಕಳಿಗೆ ಇಡುವುದು ಸರಿಯೇ? ಈ ಪ್ರಶ್ನೆ ತೀರ ಬಿಸಿಯಾದದ್ದು ಜಾನ್ ಕ್ಯಾಲ್ವಿನ್ ನೆಲೆಸಿದ್ದ ಜಿನೀವಾ ನಗರದಲ್ಲಿ.

1546ರ ಆಗಸ್ಟ್‌ನಲ್ಲಿ ಅಮಿ ಶಪ್ವಿ ಎಂಬ ಕ್ಷೌರಿಕನ ಮಗನಿಗೆ ದೀಕ್ಷಾಸ್ನಾನ ನಡೆಯುತ್ತಿತ್ತು. ಮನೆಯವರು ಕೇಳಿದ ಹೆಸರು ಕ್ಲೋಡ್. ಅದು ಆ ಸೀಮೆಯಲ್ಲಿ ಮನೆಮಾತಾಗಿದ್ದ ಹೆಸರು. ಸಂತ ಕ್ಲೋಡನ ಯಾತ್ರಾಸ್ಥಳ ಸಮೀಪದ ಬೆಟ್ಟಸಾಲಿನಲ್ಲೇ ಇತ್ತು. ಪಾದ್ರಿಯ ತಕರಾರಿಗೆ ಇದೇ ಕಾರಣ. ಆತ ಯಾರನ್ನೂ ಕೇಳದೆ ಮಗುವಿಗೆ ಅಬ್ರಹಾಂ ಎಂದು ಹೆಸರಿಟ್ಟುಬಿಟ್ಟ. ಸಿಟ್ಟಿಗೆದ್ದ ತಂದೆ ಮಗುವನ್ನು ಕಿತ್ತುಕೊಂಡು, ಹದಿನೈದು ವರ್ಷ ತುಂಬಲಿ, ತನ್ನ ಹೆಸರನ್ನು ಅವನೇ ಆರಿಸಿಕೊಳ್ಳಲಿ ಎಂದು ಹೊರಟ. ಈ ಮಾತಿಗಾಗಿ ಅವನು ಸೆರೆವಾಸ ಅನುಭವಿಸಬೇಕಾಯಿತು. ಊರಿನಲ್ಲಿ ಗದ್ದಲವೆದ್ದಿತು.

ಅದೇ ವರ್ಷ ನಗರಾಡಳಿತವು ನಿಷಿದ್ಧ ಹೆಸರುಗಳ ಪಟ್ಟಿಯನ್ನೇ ಹೊರಡಿಸಿತು. ಆ ಸೀಮೆಯಲ್ಲಿ ಪೂಜೆಗೊಳ್ಳುತ್ತಿದ್ದ ಸಂತರ ಹೆಸರು ಕೂಡದು. ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಜರೆಂದು ಜನ ನಂಬಿದ್ದ ಗ್ಯಾಸ್ಪರ್, ಮೆಲ್ಕಿಯೋರ್, ಬಾಲ್ತಜಾರರ ಹೆಸರು ಕೂಡದು, ಇವು ಬೈಬಲ್ಲಿನಲ್ಲಿಲ್ಲ. ದೇವರಿಗೇ ಸಲ್ಲಬೇಕಾದ ಇಮ್ಯಾನುವೆಲ್‌ನಂಥ ಹೆಸರು ಬೈಬಲ್ಲಿನಲ್ಲಿದ್ದರೂ ಕೂಡದು. ಹಬ್ಬಗಳ ಹೆಸರಿಗೂ ತಡೆ ಬಿತ್ತು.

ಜಿನೀವಾದವರಿಗೆ ಬೈಬಲ್ಲಿನ ಮೇಲೆ ದ್ವೇಷವಿರಲಿಲ್ಲ. ಅಜ್ಜನದೋ ಧರ್ಮಪಿತನದೋ ಹೆಸರನ್ನು ಮಗುವಿಗೆ ಕೊಡುವ ಹಕ್ಕು ತಮ್ಮದೆಂದು ಅವರು ತಿಳಿದಿದ್ದರು. ನೆಂಟಸ್ತಿಕೆಯ ಆ ಎಳೆಯನ್ನು ಹೊರಗಿನಿಂದ ಬಂದ ಪಾದ್ರಿಗಳು ತುಂಡರಿಸಿದ್ದೇ ಅವರ ಕೋಪಕ್ಕೆ ಮೂಲ. ಆದರೂ ಕಟ್ಟಳೆ ಫಲಿಸಿತು. ಒಂದು ತಲೆಮಾರು ಕಳೆಯುವುದರಲ್ಲಿ ಅಲ್ಲಿ ಕ್ಲೋಡ್‌ಗಳು ವಿರಳವಾಗಿ, ಅಬ್ರಹಾಂ, ಐಸಾಕ್, ಡೇನಿಯಲ್‌ಗಳು ಹೆಚ್ಚಿದರು.

ಜಿನೀವಾದಲ್ಲಿದ್ದ ಇಂಗ್ಲಿಷ್ ನಿರಾಶ್ರಿತರು 1560ರಲ್ಲಿ ಪ್ರಕಟಿಸಿದ ಬೈಬಲ್ಲಿನ ಕೊನೆಗೆ ಹೀಬ್ರೂ ಹೆಸರುಗಳ ಅರ್ಥಗಳನ್ನು ಕೊಡುವ ಪಟ್ಟಿಯೂ ಇತ್ತು. ಹೀಬ್ರೂ ಹೆಸರುಗಳಲ್ಲಿ ಅನೇಕವು ಪುಟ್ಟ ವಾಕ್ಯಗಳೇ. ಡೇನಿಯಲ್ ಎಂದರೆ ದೇವರೇ ನನ್ನ ನ್ಯಾಯಾಧಿಪತಿ. ಮೈಕೇಲ್ ಎಂದರೆ ದೇವರಿಗೆ ಸಮಾನರು ಯಾರು? ಇಂಗ್ಲೆಂಡಿನ ಪ್ಯೂರಿಟನ್ನರು ಇಂಥ ಹೆಸರುಗಳಿಗೆ ಮಾರುಹೋದರು. ಕೆಲವರು ಇನ್ನೂ ಮುಂದೆ ಹೋಗಿ ಧರ್ಮಗುಣಗಳನ್ನೇ ಹೆಸರಾಗಿಸಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ವಿಲಿಯಂ ಬ್ರೂಸ್ಟರನ ಹಿರಿಯ ಮಗ ಜೋನಥನ್; ನಂತರದ ಮಕ್ಕಳ ಹೆಸರುಗಳ ಅರ್ಥ ತಾಳ್ಮೆ, ಭಯ, ಪ್ರೀತಿ, ಸೆಣಸಾಟ.

ಅಮೆರಿಕದಲ್ಲಿ ನಡೆದದ್ದು ಕುತೂಹಲಕರ. ಮ್ಯಾಸಚೂಸೆಟ್ಸ್‌ಗೆ 1637ರಲ್ಲಿ ಬಂದ ಸ್ಯಾಮ್ಯುಯೆಲ್ ಲಿಂಕನ್ ಎಂಬಾತನ ವಂಶಾವಳಿ ಹೀಗಿದೆ: ಸ್ಯಾಮ್ಯುಯೆಲ್, ಮೊರ್ದೆಕಾಯ್, ಮತ್ತೆ ಮೊರ್ದೆಕಾಯ್, ಜಾನ್, ಅಬ್ರಹಾಂ, ಥಾಮಸ್, ಅಬ್ರಹಾಂ. ಈ ಕೊನೆಯವನೇ 1809ರಲ್ಲಿ ಹುಟ್ಟಿ ಮುಂದೆ ಅಮೆರಿಕದ ಅಧ್ಯಕ್ಷನಾದ ಅಬ್ರಹಾಂ ಲಿಂಕನ್. ಅವನಿಗೆ ಬಂದದ್ದು ಅಜ್ಜನ ಹೆಸರು. ಜಿನೀವಾದ ಪಾದ್ರಿಗಳು ಅಜ್ಜಂದಿರನ್ನು ಹಿಂದೆ ಸರಿಸಿ ಬೈಬಲ್ಲನ್ನು ಮುಂದೆ ತಂದರು; ಕಾಲ ಸರಿದಂತೆ ಬೈಬಲ್ಲಿನ ಹೆಸರುಗಳೇ ಅಜ್ಜಂದಿರ ಹೆಸರುಗಳಾದವು.

ಉದಯಂಪೇರೂರಿನ ಕಟ್ಟಳೆ

ಈ ಕಥೆಯ ಇನ್ನೊಂದು ಮುಖ ನಮ್ಮ ನೆರೆಯ ಕೇರಳದಲ್ಲಿದೆ. ಪೋರ್ಚುಗೀಸರು ಬರುವುದಕ್ಕೆ ಶತಮಾನಗಳ ಮೊದಲೇ ಅಲ್ಲಿನ ಸಿರಿಯನ್ ಕ್ರೈಸ್ತರಲ್ಲಿ ಬೈಬಲ್ಲಿನ ಹೆಸರುಗಳಿದ್ದವು. ಅವು ಬಂದದ್ದು ಯುರೋಪಿನಿಂದಲ್ಲ, ಅವರ ಪೂಜಾಭಾಷೆಯಾದ ಸಿರಿಯಾಕ್‌ನಿಂದ. ಮಲಯಾಳದ ಬಾಯಿಗೆ ಬಿದ್ದು ಯಾಕೋಬ ಚಾಕೋ ಆದ, ಮತ್ತಾಯ ಮಥಾಯಿ ಆದ, ಪೇತ್ರ ಪತ್ರೋಸ್ ಆದ, ಜೋಸೆಫ್ ಔಸೇಫ್ ಆದ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬುದು ಅಲ್ಲಿನ ರೂಢಿ.

1599ರ ಜೂನ್‌ನಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೇಷೊ ದ ಮೆನೇಜಿಸ್ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ಇವರ ಸಭೆ ಸೇರಿಸಿದರು. ಸಿರಿಯನ್ ಕ್ರೈಸ್ತರನ್ನು ರೋಮಿನ ಪದ್ಧತಿಗೆ ತರುವುದು ಉದ್ದೇಶ. ಸಭೆಯ ಹಲವಾರು ನಿರ್ಣಯಗಳಲ್ಲಿ ಹೆಸರಿನ ವಿಚಾರವೂ ಒಂದು. ಹಳೆಯ ಒಡಂಬಡಿಕೆಯ ಹೆಸರುಗಳನ್ನು ಕಡಿಮೆ ಮಾಡಿ ಹೊಸ ಒಡಂಬಡಿಕೆಯ ಹಾಗೂ ಸಂತರ ಹೆಸರುಗಳನ್ನಿಡಬೇಕು, ಯೇಸುವಿನ ಹೆಸರಾದ 'ಈಶೋ' ಎಂಬುದನ್ನು ಮನುಷ್ಯರಿಗೆ ಇಡಲೇಬಾರದು ಎಂದು ಅಪ್ಪಣೆಯಾಯಿತು.

ಜಿನೀವಾದಲ್ಲಿ ಸಂತರನ್ನು ಬಿಡಿ, ಅಬ್ರಹಾಮನನ್ನು ಹಿಡಿಯಿರಿ ಎಂದವರು ಪ್ರಾಟೆಸ್ಟಂಟರು. ಅರ್ಧ ಶತಮಾನದ ಬಳಿಕ ಕೇರಳದಲ್ಲಿ ಅಬ್ರಹಾಮನನ್ನು ಬಿಡಿ, ಸಂತರನ್ನು ಹಿಡಿಯಿರಿ ಎಂದವರು ಪೋರ್ಚುಗೀಸ್ ಕ್ಯಾಥೊಲಿಕರು. ಧರ್ಮಗ್ರಂಥ ಒಂದೇ, ಅಪ್ಪಣೆ ಎರಡು. ಎರಡು ಕಡೆಯೂ ಕೇಳದೆ ಉಳಿದದ್ದು ತಂದೆ ತಾಯಿಯರ ಮಾತು. ಆದರೆ ಕೇರಳದಲ್ಲಿ ಗೆದ್ದದ್ದು ಅಜ್ಜಂದಿರ ಸಾಲು. ಅಬ್ರಹಾಂ, ಚಾಕೋ ಎಂಬ ಹಳೆಯ ಒಡಂಬಡಿಕೆಯ ಹೆಸರುಗಳು ಅಳಿಯಲಿಲ್ಲ. ಈಶೋ ಎಂಬ ಹೆಸರಿನವರು ಇಂದಿಗೂ ಅಲ್ಲಿ ಸಿಗುತ್ತಾರೆ.

ನಮ್ಮ ನಾಡಿನಲ್ಲಿ

ಕರ್ನಾಟಕದ ಕ್ರೈಸ್ತರ ಹೆಸರುಗಳಿಗೆ ಒಂದೇ ಮೂಲವಿಲ್ಲ. ಗೋವೆಯಿಂದ ಕರಾವಳಿಗೆ ಬಂದ ಕೊಂಕಣಿ ಕ್ಯಾಥೊಲಿಕರು ಪೋರ್ಚುಗೀಸ್ ಹೆಸರುಗಳನ್ನು ಹೊತ್ತು ತಂದು ಮನೆಮಾತಿಗೆ ಒಗ್ಗಿಸಿಕೊಂಡರು: ಪೆದ್ರು, ಜುಜೆ, ಜುವಾಂವ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವಲಯದಲ್ಲಿ ಬೇರೆ ಬಗೆಗಳನ್ನು ಕಾಣುತ್ತೇವೆ. 1844ರಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯ ತನ್ನ ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನು ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಸೇರಿದ ಹೆಸರು ಜರ್ಮನಿಯದು, ಬೈಬಲ್ಲಿನದಲ್ಲ. ಹಳೆಯ ಹೆಸರು, ಗೋತ್ರದ ನೆನಪು ಎರಡೂ ಉಳಿದವು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1949ರ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಯಾಗಿದ್ದೂ ಕೊನೆಯವರೆಗೆ ಚನ್ನಪ್ಪನವರೇ.

ಬೈಬಲ್ಲಿನ ಹೆಸರೆಂದರೆ ಇಂಗ್ಲಿಷರ ಹೆಸರು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಒಂದೇ ಹೆಸರನ್ನು ಬೆನ್ನು ಹತ್ತಿದರೆ ಅದು ಎಷ್ಟು ಸಡಿಲವೆಂದು ತಿಳಿಯುತ್ತದೆ. 'ದೇವರು ಕೃಪೆ ತೋರಿದ್ದಾನೆ' ಎಂಬ ಅರ್ಥದ ಹೀಬ್ರೂ ಹೆಸರು ಇಂಗ್ಲೆಂಡಿನಲ್ಲಿ ಜಾನ್, ಕೊಂಕಣಿಯಲ್ಲಿ ಜುವಾಂವ್, ಕೇರಳದಲ್ಲಿ ಯೋಹನ್ನಾನ್, ಕನ್ನಡ ಬೈಬಲ್ಲಿನಲ್ಲಿ ಯೋಹಾನ. ಕುರಾನಿನಲ್ಲಿ ಬರುವ ಯಹ್ಯಾ ಕೂಡ ಸ್ನಾನಿಕ ಯೋಹಾನನೇ. ಅಬ್ರಹಾಂ ಮತ್ತು ಇಬ್ರಾಹಿಂ, ದಾವೀದ ಮತ್ತು ದಾವೂದ್, ಮರಿಯ ಮತ್ತು ಮರಿಯಂ ಕೂಡ ಹೀಗೆಯೇ. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ ಈ ಹೆಸರುಗಳು ಲಂಡನ್ನಿಗೆ ಎಷ್ಟು ಹೊರಗಿನವೋ ಕೊಟ್ಟಾಯಂಗೂ ಅಷ್ಟೇ ಹೊರಗಿನವು, ಅಷ್ಟೇ ಸ್ವಂತದವು.

ಕಟ್ಟಳೆಗಳ ಕಾಲ ಈಗ ಮುಗಿದಿದೆ. ಕ್ಯಾಥೊಲಿಕ್ ಸಭೆಯ 1917ರ ಧರ್ಮಸಂಹಿತೆ ಮಗುವಿಗೆ ಕ್ರೈಸ್ತ ಹೆಸರನ್ನೇ ಇಡಿಸುವಂತೆ ಪಾದ್ರಿಗಳಿಗೆ ಹೇಳಿತ್ತು. ತಂದೆ ತಾಯಿ ಒಪ್ಪದಿದ್ದರೆ ಸಂತರೊಬ್ಬರ ಹೆಸರನ್ನು ಜೊತೆಗೆ ಸೇರಿಸಬೇಕಿತ್ತು. 1983ರ ಸಂಹಿತೆ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳಿ, ಆ ಎಚ್ಚರದ ಹೊಣೆಯನ್ನು ಪಾದ್ರಿಯೊಂದಿಗೆ ತಂದೆ ತಾಯಿಗೂ ವಹಿಸಿದೆ. ಜಿನೀವಾದ ಕ್ಷೌರಿಕನೂ ಕೇಳಿದ್ದು ಇದಕ್ಕಿಂತ ಹೆಚ್ಚೇನನ್ನೂ ಅಲ್ಲ.